ಬೆಟ್ಟದ ನೀರು, ಬಯಲಿನ ನೀರು

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟಕ್ಕೆ ಭಾನುವಾರ ಬಂದಿಳಿಯುವ ಪಟ್ಟಣದ ಸಂಸಾರಗಳಿಗೆ ಮೆಟ್ಟಿಲು ಹತ್ತುವ ಆಯಾಸಕ್ಕಿಂತ ನೀರಿನ ಆಸೆ ದೊಡ್ಡದು. ಹೆಬ್ಬಂಡೆಗಳ ನಡುವಣ ಗವಿಯಲ್ಲಿ ಸಿದ್ಧೇಶ್ವರನ ಸನ್ನಿಧಿ. ಅಲ್ಲಿಯೇ ಕಲ್ಲಿನ ಸಂದಿನಿಂದ ಒಸರುವ ತಣ್ಣೀರು. ಗಿಡಮೂಲಿಕೆಗಳ ಬೇರನ್ನು ತೊಳೆದು ಬರುವ ಈ ನೀರಿನಲ್ಲಿ ಮಿಂದರೆ ರೋಗ ಕಳೆಯುವುದೆಂದು ಜನರ ನಂಬಿಕೆ. ಮಿಂದು, ಸೀಸೆ ತುಂಬಿಕೊಂಡು, ಕೋತಿಗಳ ಕೈಯಿಂದ ಬುತ್ತಿಯನ್ನು ಕಾಪಾಡಿಕೊಂಡು ಕೆಳಗಿಳಿಯುವಷ್ಟರಲ್ಲಿ ಹೊತ್ತು ನೆತ್ತಿಗೇರಿರುತ್ತದೆ.

"ನೀರು ಬಿಸಿಯಾಗಿರುತ್ತದೆ ಅಂದುಕೊಂಡಿದ್ದೆ, ಅತ್ತೆ" ಎಂದು ಬೆಂಗಳೂರಿನ ಸೊಸೆ ನಡುಗುತ್ತ ನುಡಿದರೆ, "ಅದೇನು ಬಚ್ಚಲ ಹಂಡೆಯೇನಮ್ಮ?" ಎಂದು ಅತ್ತೆ ನಗದೆ ಇರುವರೇ?

ಆದರೆ ಸೊಸೆಯ ನಿರೀಕ್ಷೆ ತೀರ ಅಸಂಗತವೇನಲ್ಲ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿರುವ ಬೆಂದ್ರ್‌ತೀರ್ಥ ಬಿಸಿನೀರಿಗೇ ಹೆಸರಾದದ್ದು. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಬಹು ಆಳಕ್ಕಿಳಿದು, ಭೂಮಿಯ ಒಳಗಾವಿನಲ್ಲಿ ಕಾದು ಮೇಲೇರಿದರೆ ಅದು ಬಿಸಿಬುಗ್ಗೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯ ಬುಗ್ಗೆಗಳಿಗೆ ಅಷ್ಟು ದೀರ್ಘಪ್ರಯಾಣದ ಹವ್ಯಾಸವಿರಲಿಲ್ಲ. ಬೋಳುಬಂಡೆಗಳಿಂದ ಜಾರಿದ ಮಳೆನೀರು ಹಳ್ಳದ ಮರಳಿನಲ್ಲಿ ಇಂಗುತ್ತಿತ್ತು. ತಗ್ಗಿನಲ್ಲಿ ಕೆಲವೇ ಅಡಿ ತೋಡಿದರೆ ತಾನಾಗಿ ಜಿನುಗುತ್ತಿತ್ತು. ಇದಕ್ಕೆ ಇಲ್ಲಿಯವರು ಇಟ್ಟ ಹೆಸರು ತಲಪರಿಗೆ.

1897ರಲ್ಲಿ ಪರಿಷ್ಕೃತವಾಗಿ ಹೊರಬಂದ ಮೈಸೂರು ಗೆಜೆಟಿಯರಿನಲ್ಲಿ ಬಿ. ಎಲ್. ರೈಸ್ ಅವರು ಈ ತಲಪರಿಗೆಗಳನ್ನು ಮರೆತಿಲ್ಲ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರುಗಳತ್ತ ಗೆರೆಯೆಳೆದರೆ ಅದರ ಮೂಡಲ ಗಡಿನಾಡೆಲ್ಲ ಇವುಗಳ ಸೀಮೆ. ದಕ್ಷಿಣದ ಮರಳುನೆಲದಲ್ಲಿ ನೀರು ಮೇಲೆಯೇ ಸಿಕ್ಕುತ್ತದೆ. ಪಾವಗಡದಲ್ಲಿ ಮಾತ್ರ ಮೆತ್ತನೆಯ ಕಲ್ಲನ್ನು ಕಡಿಯಬೇಕು. ಸಿಕ್ಕ ನೀರನ್ನು ಕಿರುಗಾಲುವೆಯಲ್ಲಿ ಹೊಲಕ್ಕೆ ಹರಿಸುವುದು, ಇಲ್ಲವೆ ಎತ್ತು ಹೂಡಿ ಕಪಿಲೆಯಿಂದ ಎತ್ತುವುದು.

ಗೆಜೆಟಿಯರು ಹೇಳದ್ದನ್ನು ಅತ್ತೆಯವರು ಬಲ್ಲರು. ಅವರ ತವರು ಮಧುಗಿರಿಯ ಕಡೆ. ಬೇಸಗೆ ಬಂದರೆ ತಲಪರಿಗೆಯ ಹೂಳೆತ್ತಲು ಮನೆಗೊಂದಾಳು ಹೊರಡಲೇಬೇಕು. ತಪ್ಪಿಸಿಕೊಂಡವನು ತಪ್ಪುಕಾಣಿಕೆ ತೆರಬೇಕು. ತೆರದಿದ್ದರೆ ನೀರಿನ ಸರದಿ ಬಂದಾಗ ಹತ್ತು ಜನರ ಮಾತು ಕೇಳಬೇಕು. ಕೆಲಸ ಮುಗಿದ ಮೇಲೆ ಗಂಗಮ್ಮನಿಗೆ ಪೂಜೆ. ಜಗಳಗಳು ಇರಲಿಲ್ಲವೆಂದಲ್ಲ, ಧಾರಾಳವಾಗಿ ಇದ್ದವು. ಆದರೆ ಜಗಳವಾಡಿದವರಿಬ್ಬರೂ ಮರುವರ್ಷ ಅದೇ ಹೊಂಡದಲ್ಲಿ ಗುದ್ದಲಿ ಹಿಡಿದು ನಿಲ್ಲಬೇಕಾಗಿತ್ತು.

ಕೊಳವೆಬಾವಿ ಬಂದ ಮೇಲೆ ಆ ಹಂಗು ತಪ್ಪಿತು. ಅವನವನ ಹೊಲ, ಅವನವನ ಪಂಪು. ಮರಳು ಲಾರಿಯೇರಿ ಪಟ್ಟಣದ ಮಹಡಿಗಳಿಗೆ ಹೋಯಿತು. (ಸೀಸೆ ಹಿಡಿದು ಬೆಟ್ಟ ಹತ್ತುವವರ ಮನೆಯ ಗೋಡೆಯಲ್ಲಿಯೂ ಜಯಮಂಗಲಿಯ ಮರಳು ಒಂದು ಬೊಗಸೆ ಇದ್ದೀತು.) ನೀರು ಕೆಳಕ್ಕೆ ಸರಿದಂತೆ ಕೊಳವೆಯೂ ಕೆಳಕ್ಕಿಳಿಯಿತು, ತಲಪರಿಗೆಗಳು ಒಂದೊಂದಾಗಿ ಬತ್ತಿದವು. ಆಳದಲ್ಲಿ ಬಹುಕಾಲ ಕಲ್ಲಿನ ಸಂಗದಲ್ಲಿರುವ ನೀರು ಕಲ್ಲಿನ ಗುಣವನ್ನೂ ಹೀರುತ್ತದೆ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿರುವುದು ಪ್ರಸಿದ್ಧ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೂಳೆ ಬಿಗಿದು ಬೆನ್ನು ಬಾಗುತ್ತದೆ. ಕುದಿಸಿ ಕುಡಿದರೂ ಈ ದೋಷ ಹೋಗದು. ಮೊಣಕಾಲಿನ ನೋವಿಗೆ ಪಟ್ಟಣದವರು ಬೆಟ್ಟದ ನೀರನ್ನು ಅರಸಿ ಬರುವ ಸೀಮೆಯಲ್ಲಿಯೇ, ನೀರು ಕುಡಿದು ಮೊಣಕಾಲು ಹಿಡಿದುಕೊಂಡವರಿದ್ದಾರೆ.

ಹೂಳೆತ್ತಿದ ಕೆಲವು ತಲಪರಿಗೆಗಳು ಒಳ್ಳೆಯ ಮಳೆಯಾದ ವರ್ಷ ಮತ್ತೆ ಜಿನುಗಿದ್ದುಂಟು. ಆದರೆ ಸುತ್ತಲಿನ ಪಂಪುಗಳು ನಿಲ್ಲದೆ ಅವು ಎಷ್ಟು ಕಾಲ ಬಾಳಿಯಾವು? ಬರಿಯ ಗುದ್ದಲಿಯಿಂದ ಆಗುವ ಕೆಲಸ ಅದಲ್ಲ.

ಸಂಜೆ ಕಾರು ಹಿಂತಿರುಗುವಾಗ ದಾರಿಯ ಹಳ್ಳಿಯೊಂದರಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಹೆಂಗಸರು ಸಾಲಾಗಿ ನಿಂತಿದ್ದಾರೆ; ಕೈಯಲ್ಲಿ ಕ್ಯಾನು, ಸೆರಗಿನ ತುದಿಯಲ್ಲಿ ನಾಣ್ಯ.

"ಇಲ್ಲಿಯೂ ನೀರು ಕೊಂಡು ಕುಡಿಯುತ್ತಾರೆಯೇ, ಅತ್ತೆ?"

ಅತ್ತೆಯವರು ತೊಡೆಯ ಮೇಲಿನ ಸೀಸೆಯ ಬಿರಡೆಯನ್ನು ಇನ್ನಷ್ಟು ಬಿಗಿ ಮಾಡಿ, ಕಿಟಕಿಯಾಚೆ ಒಣಗಿದ ಹಳ್ಳದ ಕಡೆಗೆ ನೋಡುತ್ತ ಕುಳಿತರು.