ಎಂಜಿನ್ ಆಮೇಲೆ ಕೊಳ್ಳೋಣ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಿಂದ ದೂರವಾಣಿ ಮಾಡಿದ್ದನು. ಹುಟ್ಟಿ ಬೆಳೆದದ್ದು ನಮ್ಮ ತೆಕ್ಕಲಕೋಟೆಯಲ್ಲಿ. ಅವನ ಮಗ ಈಗ ಎನ್‌ಸಿಸಿಯ ವಾಯು ವಿಭಾಗದ ಕೆಡೆಟ್. ಅಲ್ಲಿ ಕಂಟ್ರೋಲ್ ಲೈನ್ ವಿಮಾನ ಕಂಡು ಹುಚ್ಚು ಹಿಡಿಸಿಕೊಂಡಿದ್ದಾನಂತೆ. "ಸಾರ್, ಲಾಗ ಹೊಡೆಯೋ ವಿಮಾನ ಕಟ್ಟಬೇಕಂತಾನೆ. ಯಾವ ಎಂಜಿನ್ ತಗೊಳ್ಳಲಿ? ದುಡ್ಡಿನ ಚಿಂತೆ ಇಲ್ಲ, ದೊಡ್ಡದನ್ನೇ ಹೇಳ್ರಿ" ಎಂದನು. ಎರಡು ದಿನ ಬಿಟ್ಟು ಹೇಳುತ್ತೇನೆಂದು ಫೋನಿಟ್ಟೆನು. ಉತ್ತರ ತಿಳಿಯದೆ ಅಲ್ಲ. ಅವನ ಬಲಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಅದರ ಲೆಕ್ಕ ನನ್ನ ಹೆಸರಿನಲ್ಲಿದೆ. ಆದುದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ಇಂಥ ವಿಮಾನವನ್ನು ಕಾಣದ ಬಂಧುಗಳಿಗಾಗಿ ಎರಡು ಮಾತು. ಇದರಲ್ಲಿ ರೇಡಿಯೋ ಇಲ್ಲ. ಹಾರಿಸುವವನು ವೃತ್ತದ ನಡುವೆ ನಿಲ್ಲುತ್ತಾನೆ. ಅವನ ಕೈಯಲ್ಲಿರುವ ಹಿಡಿಕೆಯಿಂದ ಹೊರಟ ಎರಡು ತೆಳು ಉಕ್ಕಿನ ತಂತಿಗಳು ಎಡರೆಕ್ಕೆಯ ಮೂಲಕ ಸಾಗಿ, ಬೆಲ್‌ಕ್ರ್ಯಾಂಕ್ ಎಂಬ ತ್ರಿಕೋನದ ತಟ್ಟೆಯ ಎರಡು ತುದಿಗಳನ್ನು ಸೇರುತ್ತವೆ. ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿದರೆ ತಟ್ಟೆ ತಿರುಗುತ್ತದೆ, ಅದರ ಮೂರನೆಯ ತುದಿಗೆ ಸಿಕ್ಕಿಸಿದ ಕಡ್ಡಿ ಬಾಲದ ಎಲಿವೇಟರನ್ನು ಎತ್ತುತ್ತದೆ, ವಿಮಾನ ಏರುತ್ತದೆ. ಅಮೆರಿಕದ ಜಿಮ್ ವಾಕರ್ ಎಂಬಾತನು 1940ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿದನು. ನಾನು ಮೊದಲು ನೋಡಿದ್ದು 1978ರಲ್ಲಿ, ತರಬೇತಿಗೆಂದು ಬೆಂಗಳೂರಿಗೆ ಹೋದಾಗ, ಜಕ್ಕೂರಿನ ವಿಮಾನ ಮೈದಾನದ ಬಳಿ. ಮರಳುವಾಗ ಕಲ್ಕತ್ತೆಯಲ್ಲಿ ತಯಾರಾದ ಪುಟ್ಟ ಡೀಸೆಲ್ ಎಂಜಿನ್ನೊಂದು ನನ್ನ ಚೀಲದಲ್ಲಿತ್ತು. ಅದಕ್ಕೆ ಬೇಕಾದದ್ದು ಈಥರ್, ಸೀಮೆಎಣ್ಣೆ ಮತ್ತು ಔಡಲೆಣ್ಣೆ. ಮೊದಲನೆಯದನ್ನು ಬಳ್ಳಾರಿಯಿಂದ ತರಬೇಕಾಗಿತ್ತು; ಉಳಿದೆರಡು ಊರಿನಲ್ಲಿಯೇ ಸಿಗುತ್ತಿದ್ದವು.

ಭತ್ತ ಕೊಯ್ದು ಎರೆನೆಲ ಒಣಗಿದ ಮೇಲೆ, ಊರ ಹೊರಗಿನ ಕಣದಲ್ಲಿ, ಕಲ್ಲುಗುಡ್ಡದ ಎದುರಿಗೆ, ಶಾಲೆಯ ಹುಡುಗರೊಂದಿಗೆ ನಾನು ಆರು ಬೇಸಿಗೆ ವಿಮಾನ ಹಾರಿಸಿದೆನು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 1984ರ ಬೇಸಿಗೆಯಲ್ಲಿ ನನಗೆ ದುರಾಸೆ ಹುಟ್ಟಿತು. ಹಳೆಯದೊಂದು ಎರಡೂವರೆ ಸಿಸಿಯ ಎಂಜಿನ್ ಕೈಗೆ ಬಂದಿತ್ತು; ಅದನ್ನು ಅದೇ ವಿಮಾನದ ಮೂಗಿಗೆ ಕೂಡಿಸಿದೆನು. ಬೆಲ್‌ಕ್ರ್ಯಾಂಕ್ ಮಾತ್ರ ಮೊದಲಿನದೇ: ಎಣ್ಣೆ ಡಬ್ಬಿಯ ತಗಡನ್ನು ನಾನೇ ಕತ್ತರಿಸಿ, ಮೊಳೆಯಿಂದ ತೂತು ಹೊಡೆದದ್ದು. ಕಡ್ಡಿಯೋ ಸೈಕಲ್ ಚಕ್ರದ್ದು.

ಗಣಿತ ಕಲಿಸುವವನು ಗಣಿತವನ್ನೇ ಮರೆತಿದ್ದೆನು. ಸುತ್ತಿಗೆ 5 ಸೆಕೆಂಡು ತೆಗೆದುಕೊಳ್ಳುತ್ತಿದ್ದ ವಿಮಾನ ಈಗ 4 ಸೆಕೆಂಡಿನಲ್ಲಿ ಸುತ್ತುತ್ತಿತ್ತು. ತಂತಿಯ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ: 25ನ್ನು 16ರಿಂದ ಭಾಗಿಸಿ ನೋಡಿ, ಒಂದೂವರೆ ಪಟ್ಟಿಗಿಂತ ಹೆಚ್ಚು. ಎಂಜಿನ್ನಿನ ಹೆಚ್ಚಿದ ತೂಕ ಬೇರೆ. ಮೂರನೆಯ ದಿನ ತಟ್ಟೆಯ ನಡುವಿನ ತೂತು ಹರಿದು, ತಂತಿಗಳು ತಟ್ಟೆಯನ್ನು ಕಿತ್ತುಕೊಂಡು ಬಂದವು; ವಿಮಾನ ಸ್ಪರ್ಶರೇಖೆಯಲ್ಲಿ ಹೊರಟುಹೋಯಿತು. ಹುಡುಗನಿಗೆ ತಗುಲಿದ್ದು ರೆಕ್ಕೆಯ ತುದಿ, ಪ್ರೊಪೆಲ್ಲರ್ ಅಲ್ಲ. ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದವು. ಅಂದು ಸಂಜೆ ಅವನ ತಾಯಿಗೆ, "ಗೆರೆ ದಾಟಿ ಒಳಗೆ ಬಂದಿದ್ದ ಕಣಮ್ಮಾ" ಎಂದೆನು. ಅವನು ಗೆರೆ ದಾಟಿರಲಿಲ್ಲ. ನಾನೇ ತೋರಿಸಿದ ಜಾಗದಲ್ಲಿ ನಿಂತಿದ್ದನು. ಬೈಸಿಕೊಂಡನು, ಬಾಯಿ ಬಿಡಲಿಲ್ಲ.

ಈಗ ಎಂಜಿನ್ನಿನ ವಿಷಯ. ಲಾಗ ಹಾಕುವ ವಿಮಾನಕ್ಕೆ ಬೇಕಾದುದು ಓಟವಲ್ಲ, ಸಮವೇಗ. ಏರುವಾಗಲೂ ಇಳಿಯುವಾಗಲೂ ಬೆನ್ನಡಿಯಾಗಿ ಹಾರುವಾಗಲೂ ಅದೇ ನಡೆ. 1940ರ ದಶಕದ ಕೊನೆಯಲ್ಲಿ ಬಂದ ಫಾಕ್ಸ್ 35 ಎಂಬ ಸುಮಾರು 5.7 ಸಿಸಿಯ ಎಂಜಿನ್ ದಶಕಗಳ ಕಾಲ ಈ ಆಟದವರಿಗೆ ಪ್ರಿಯವಾಗಿದ್ದುದು ಶಕ್ತಿಗಾಗಿ ಅಲ್ಲ. ನೇರ ಹಾರಾಟದಲ್ಲಿ ಇಂಧನ ತುಸು ಹೆಚ್ಚಾಗಿ, ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿಯುವಂತೆ ಅದರ ಸೂಜಿಯನ್ನು ಹೊಂದಿಸುತ್ತಿದ್ದರು. ಮೂಗು ಮೇಲೆತ್ತಿ ಭಾರ ಬಿದ್ದೊಡನೆ ಅದು ಪ್ರತಿ ಸುತ್ತೂ ಉರಿದು ಬಲ ಕೊಡುತ್ತಿತ್ತು. ನೇರವಾದೊಡನೆ ಮತ್ತೆ ಹಳೆಯ ದನಿ. ಏರಿನಲ್ಲಿ ಎಳೆದು, ಇಳಿಜಾರಿನಲ್ಲಿ ಬಂಡಿಯನ್ನು ತಡೆದು ನಡೆಯುವ ಎತ್ತನ್ನು ನಮ್ಮ ರೈತರು ಹುಡುಕುವುದಿಲ್ಲವೆ? ಹಾಗೆ.

ಇಂದು ವಿದ್ಯುತ್ ಮೋಟಾರುಗಳು ಆ ಕೆಲಸವನ್ನು ಎಲೆಕ್ಟ್ರಾನಿಕ್ ನಿಯಂತ್ರಕದಿಂದ ಮಾಡುತ್ತವೆ, ಪಂದ್ಯಗಳನ್ನೂ ಗೆಲ್ಲುತ್ತವೆ. ಔಡಲೆಣ್ಣೆ ಸುಟ್ಟ ವಾಸನೆಯೇ ನನಗೆ ಇಂದಿಗೂ ಪ್ರಿಯ. ಆದರೆ ಗ್ಲೋ ಎಂಜಿನ್ನಿಗೆ ಬೇಕಾಗುವ ಮೆಥನಾಲ್ ವಿಷ. ಫ್ಲ್ಯಾಟಿನಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ. ಹುಡುಗನಿಗೆ ಮೋಟಾರೇ ಸರಿ. ಬ್ಯಾಟರಿ ಜೋಡಿಸುವಾಗ ಪ್ರೊಪೆಲ್ಲರಿನ ಮುಂದೆ ಕೈಯಾಗಲಿ ಮುಖವಾಗಲಿ ಇರಬಾರದು, ಅಷ್ಟೆ.

ಆದರೆ ಅದನ್ನು ಆಮೇಲೆ ಕೊಳ್ಳೋಣ. ಎಂಜಿನ್ ನಿಂತರೆ ವಿಮಾನ ತಂತಿಯ ತುದಿಯಲ್ಲಿ ತೇಲಿ ಇಳಿಯುತ್ತದೆ. ಹಿಡಿತ ತಪ್ಪಿದರೆ ಅದು ಯಾರ ಮಾತನ್ನೂ ಕೇಳುವುದಿಲ್ಲ. 1.2 ಕಿಲೋ ತೂಕದ ವಿಮಾನ 20 ಮೀಟರ್ ತಂತಿಯಲ್ಲಿ 5 ಸೆಕೆಂಡಿಗೊಂದು ಸುತ್ತು ಹಾಕಿದರೆ, ಹಿಡಿಕೆಯ ಮೇಲಿನ ಎಳೆತ ಹತ್ತಿರ ಹತ್ತಿರ 4 ಕಿಲೋ. ಪಂದ್ಯಗಳಲ್ಲಿ ಹಾರಿಸುವ ಮೊದಲು ವಿಮಾನದ ತೂಕದ 10 ಪಟ್ಟು ಎಳೆದು ಪರೀಕ್ಷಿಸುವ ಪದ್ಧತಿಯಿದೆ. ತಗಡು ಬೇಡ, ಕನಿಷ್ಠ 3 ಇಂಚಿನ ಗಟ್ಟಿ ಬೆಲ್‌ಕ್ರ್ಯಾಂಕ್ ಇರಲಿ, ಅದರ ಬೋಲ್ಟು ಪ್ಲೈವುಡ್ಡಿನ ಮೂಲಕ ಹಾಯ್ದು, ಸಡಿಲವಾಗದ ನಟ್ಟಿನಿಂದ ಬಿಗಿಯಾಗಲಿ. ಕಡ್ಡಿ ಬಾಗದಂತೆ ನಡುವೆ ಆಧಾರ ಬೇಕು: ಬಾಗುವ ಕಡ್ಡಿ ನೆಲದ ಮೇಲೆ ಸರಿಯಾಗಿ ಕಂಡು, ಗಾಳಿಯ ಒತ್ತಡದಲ್ಲಿ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಹೊಸಬನ ಕೈ ನಡುಗುತ್ತದೆ. ಆದುದರಿಂದ ಹಿಡಿಕೆಯಲ್ಲಿ ತಂತಿಗಳ ನಡುವಿನ ಅಂತರ ಕಡಿಮೆಯಿರಲಿ. ಹಿಡಿಕೆ ಜಾರದಂತೆ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಲಿ. ವಿದ್ಯುತ್ ಲೈನುಗಳ ಹತ್ತಿರ ಎಂದೂ ಹಾರಿಸಕೂಡದು. ಕೈಯಲ್ಲಿರುವುದು ಉಕ್ಕಿನ ತಂತಿ. ಅದು ತಗುಲಿದರೆ ಎರಡನೆಯ ಅವಕಾಶವಿಲ್ಲ. ನಮ್ಮ ಆ ಕಣದ ಮೇಲೂ ಈಗ ಲೈನು ಹಾಯ್ದಿದೆ.

ಅಪ್ಪಾ, ಇಲ್ಲಿಯವರೆಗೆ ಓದಿದ್ದರೆ, ಹುಡುಗನನ್ನು ದಸರಾ ರಜೆಯಲ್ಲಿ ಕರೆದುಕೊಂಡು ಬಾ. ನಿನ್ನ ತಾಯಿ ಇನ್ನೂ ಅದೇ ಮನೆಯಲ್ಲಿದ್ದಾರೆ. ಗೆರೆಯ ಮಾತನ್ನು ಅವರಿಗೆ ನಾನೇ ಹೋಗಿ ಹೇಳುತ್ತೇನೆ. ರೆಕ್ಕೆ, ಬೆಲ್‌ಕ್ರ್ಯಾಂಕ್, ತಂತಿ, ಹಿಡಿಕೆ ಇಷ್ಟನ್ನೇ ಹುಡುಗ ತರಲಿ. ಮನೆಯ ಜಂತಿಗೆ ತೂಗುಹಾಕಿ ಪರೀಕ್ಷಿಸೋಣ. ತೂಕಕ್ಕೆ 12 ಕಿಲೋ ಸೋನಾಮಸೂರಿ ನಮ್ಮಲ್ಲಿಯೇ ಇದೆ.