ಪ್ರೌಢಶಾಲೆಗೆ ಬಂದರೂ ಓದು ಬಾರದು: ಸಮಸ್ಯೆಯನ್ನೇ ಪಾಠ ಮಾಡಿದರೆ ಪರಿಹಾರವೇ?

ಓಆರ್‌ಎಸ್ ಪೊಟ್ಟಣದ ಮೇಲಿನ ಸೂಚನೆ ಓದಿ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕು. ‘ಪ್ರಥಮ್’ ಸಂಸ್ಥೆಯ ‘ಅಸರ್ 2023’ ಸಮೀಕ್ಷೆಯಲ್ಲಿ 14ರಿಂದ 18 ವರ್ಷದವರ ಮುಂದಿಟ್ಟ ಸವಾಲು ಇದು. ಅಷ್ಟಿಷ್ಟು ಓದಬಲ್ಲವರಿಗೆ ಮಾತ್ರ ಕೇಳಿದರೂ, ಕನಿಷ್ಠ ಮೂರಕ್ಕೆ ಸರಿಯುತ್ತರ ಕೊಟ್ಟವರು ಸುಮಾರು ಮೂರನೇ ಎರಡರಷ್ಟು ಮಂದಿ.

ಅದೇ ಸಮೀಕ್ಷೆಯ ಪ್ರಕಾರ, ಈ ವಯಸ್ಸಿನ ಶೇ 86.8ರಷ್ಟು ಮಂದಿ ಶಾಲೆ-ಕಾಲೇಜುಗಳಲ್ಲಿದ್ದಾರೆ. ಆದರೆ ಸುಮಾರು ಶೇ 25ರಷ್ಟು ಮಂದಿ 2ನೇ ತರಗತಿಯ ಪಠ್ಯವನ್ನು ತಮ್ಮದೇ ಭಾಷೆಯಲ್ಲಿ ಸರಾಗವಾಗಿ ಓದಲಾರರು.

ಹೊಣೆ ಯಾರದು?

2021ರಲ್ಲಿ ಶುರುವಾದ ‘ನಿಪುಣ್ ಭಾರತ್’ ಯೋಜನೆಯ ಗುರಿ 3ನೇ ತರಗತಿವರೆಗಿನ ಮಕ್ಕಳು. ಅದನ್ನು ದಾಟಿ ಬಂದವರಿಗೆ ಓದು ಕಲಿಸುವುದು ಪ್ರೌಢಶಾಲೆಯಲ್ಲಿ ಯಾರ ಕೆಲಸವೂ ಅಲ್ಲ. ವಿಜ್ಞಾನ ಶಿಕ್ಷಕರು ಭಾಷಾ ಶಿಕ್ಷಕರತ್ತ ಬೊಟ್ಟು ಮಾಡುತ್ತಾರೆ. ಭಾಷಾ ಶಿಕ್ಷಕರಿಗೆ ಪೋರ್ಷನ್ ಮುಗಿಸುವ ಧಾವಂತ. ಅತ್ತ ಸಿಬಿಎಸ್‌ಇ 10ನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಅರ್ಧದಷ್ಟು ಪಾಲನ್ನು ಸಾಮರ್ಥ್ಯಾಧಾರಿತ ಪ್ರಶ್ನೆಗಳಿಗೆ ಕೊಟ್ಟಿದೆ. ಪರೀಕ್ಷೆ ಬದಲಾಗಿದೆ, ಓದಿನ ಪಾಠ ಬದಲಾಗಿಲ್ಲ.

ಪ್ರಶ್ನೆಯಿಂದ ಓದಿನತ್ತ

ಇಲ್ಲಿ ಸಮಸ್ಯಾಧಾರಿತ ಕಲಿಕೆಯ ಮಾತು ಬರುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವೈದ್ಯಕೀಯ ಶಾಲೆಯಲ್ಲಿ 1969ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಸಮಸ್ಯೆ ಮೊದಲು, ಪಾಠ ನಂತರ. ‘ನಮ್ಮ ಬಡಾವಣೆಯ ನೀರು ಕುಡಿಯಲು ಯೋಗ್ಯವೇ?’ ಎಂದು ಕೇಳಿ, ಪತ್ರಿಕಾ ವರದಿ, ನೀರಿನ ಪರೀಕ್ಷಾ ವರದಿ ಮತ್ತು ಪಾಲಿಕೆಯ ನೋಟಿಸನ್ನು ಮಕ್ಕಳ ಕೈಗಿಡಬಹುದು. ಒಂದು ಹೇಳಿದ್ದನ್ನು ಇನ್ನೊಂದು ಅಲ್ಲಗಳೆದರೆ ಮತ್ತೆ ಓದಲೇಬೇಕು. ಹದಿನಾಲ್ಕರ ಹುಡುಗನಿಗೆ ಪುಟ್ಟ ಮಕ್ಕಳ ಪುಸ್ತಕ ಹಿಡಿಯುವ ಮುಜುಗರವೂ ಇರದು.

ಮುಂಬೈ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಿಗೂ ಇದು ಒಗ್ಗೀತು. ಮರಾಠಿ ನೋಟಿಸನ್ನು ಓದಿ ಕನ್ನಡದಲ್ಲಿ ವಿವರಿಸುವುದು ಅಲ್ಲಿನ ಮಕ್ಕಳ ದಿನನಿತ್ಯದ ಅಗತ್ಯವೇ.

ಎಚ್ಚರವೂ ಬೇಕು

ಆದರೆ ಇದು ಸರ್ವರೋಗಕ್ಕೂ ಮದ್ದಲ್ಲ. ಹೊಸದಾಗಿ ಕಲಿಯುವವರಿಗೆ ನೇರ ಮಾರ್ಗದರ್ಶನವೇ ಹೆಚ್ಚು ಫಲಕಾರಿ ಎಂದು ಕಿರ್ಷ್‌ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲೇ ವಾದಿಸಿದ್ದರು. ಐವರ ಗುಂಪಿನಲ್ಲಿ ಚೆನ್ನಾಗಿ ಓದಬಲ್ಲ ಒಬ್ಬಳೇ ಓದಿ, ಉಳಿದವರು ತಲೆಯಾಡಿಸಿದರೆ ಚರ್ಚೆ ನಡೆದಂತೆ ಕಾಣುತ್ತದೆ. ಓದು ಇದ್ದಲ್ಲೇ ಇರುತ್ತದೆ.

ಆದ್ದರಿಂದ ಅಕ್ಷರ ಕೂಡಿಸಲು ತಡವರಿಸುವವರಿಗೆ ದಿನವೂ ಪ್ರತ್ಯೇಕ ಓದಿನ ಅಭ್ಯಾಸ ಬೇಕು. ಸರಾಗವಾಗಿ ಓದಿಯೂ ಅರ್ಥವಾಗದವರಿಗೆ ಸಮಸ್ಯೆಯ ಪಾಠ. ಯಾರಿಗೆ ಯಾವುದು ಎಂದು ತಿಳಿಯಲು 8ನೇ ತರಗತಿಯ ಮೊದಲ ವಾರದಲ್ಲೇ ಪ್ರತಿ ಮಗುವನ್ನೂ ಒಂದು ಪುಟ ಓದಿಸಿ ನೋಡಬೇಕು. ಕೆಲಸ ಶುರುವಾಗಬೇಕಿರುವುದು ಅಲ್ಲಿಂದ.