ಪುಟ್ಟನ ಕಿವಿ, ಚಿಕ್ಕಮ್ಮನ ಚೀಟಿ ದುಡ್ಡು

ನಮ್ಮ ಮನೇಲಿ ಕುಕ್ಕರ್ ಇಡೋ ಮುಂಚೆ ಒಂದು ಅನೌನ್ಸ್‌ಮೆಂಟ್ ಆಗುತ್ತೆ. "ಪುಟ್ಟಾ, ಸೀಟಿ ಹೊಡೆಯುತ್ತೆ ಕಣೋ" ಅಂತ ಚಿಕ್ಕಮ್ಮ ಕೂಗಿದ ಮೇಲೇ ಗ್ಯಾಸ್ ಹಚ್ಚೋದು. ಹೇಳದೆ ಹಚ್ಚಿದರೆ ಆರು ವರ್ಷದ ಪುಟ್ಟ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿಬಿಡ್ತಾನೆ, ಅರ್ಧ ಗಂಟೆ ಹೊರಗೆ ಬರಲ್ಲ. ಯೂನಿಫಾರ್ಮ್ ಕಾಲರ್‌ನ ಲೇಬಲ್ ಕತ್ತರಿಸಿರಬೇಕು. ಕಟಿಂಗ್ ಶಾಪಿನ ಮೆಷಿನ್ ಸದ್ದು ಆಗೋದೇ ಇಲ್ಲ. ಗಣೇಶನ ಹಬ್ಬಕ್ಕೆ ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ತಮಟೆ ಶುರುವಾದರೆ ಚಿಕ್ಕಪ್ಪ ಅವನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಜ್ಞಾನಭಾರತಿ ಕಡೆ ಹೋಗಿ, ಮೆರವಣಿಗೆ ಮುಗಿಯೋ ತನಕ ಮರದ ಕೆಳಗೆ ಕೂತಿರ್ತಾರೆ.

ಈ ಲೇಖನದಲ್ಲಿ ನಾವು ಅಂದರೆ ಅಕ್ಕ, ತಮ್ಮ ಇಬ್ಬರು. ಇಬ್ಬರೂ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡ ತಪ್ಪಿದ್ದರೆ ಕ್ಷಮಿಸಿ. ಆದರೆ ಮನೇಲಿ ಯಾವ ರಿಪೋರ್ಟ್ ಬಂದರೂ ಓದಿ ಹೇಳೋ ಕೆಲಸ ನಮ್ಮದೇ.

ಹೋದ ವರ್ಷ ಪುಟ್ಟನ ರಿಪೋರ್ಟ್ ಬಂತು. ನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ಸೆನ್ಸರಿ ಪ್ರೋಸೆಸಿಂಗ್ ತೊಂದರೆ ಅಂತ ಬರೆದಿತ್ತು. "ಅಂದ್ರೆ ಏನ್ರೋ?" ಅಂತ ಚಿಕ್ಕಮ್ಮ ಕೇಳಿದಾಗ ನಮಗೆ ಪದ ಸಿಗಲಿಲ್ಲ. ಶಬ್ದ, ಬೆಳಕು, ಮುಟ್ಟೋದು ಎಲ್ಲಾ ಅವನಿಗೆ ವಾಲ್ಯೂಮ್ ಜಾಸ್ತಿ ಇಟ್ಟ ಹಾಗೆ ಬರುತ್ತೆ, ಮೆದುಳು ಅದನ್ನ ಕಡಿಮೆ ಮಾಡಿಕೊಳ್ಳೋಕೆ ಒದ್ದಾಡುತ್ತೆ ಅಂದೆವು. ಅಜ್ಜಿ ಕೇಳಿಸಿಕೊಂಡು, "ಓ, ಮಗುಗೆ ಮೈಯೆಲ್ಲಾ ಕಿವಿ" ಅಂದರು. ನಮ್ಮ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಆಮೇಲೆ ಸಲಹೆಗಳ ಸುರಿಮಳೆ. ಬಜೆ ತೇದು ನೆಕ್ಕಿಸಿ ಅಂತ ಒಬ್ಬರು. ಪುಷ್ಯ ನಕ್ಷತ್ರದ ದಿನ ಸ್ವರ್ಣಪ್ರಾಶನ ಹಾಕಿಸಿ ಅಂತ ಇನ್ನೊಬ್ಬರು. ಹೋಮಿಯೋಪಥಿ, ರೇಖಿ, ತಾಯತ, ಗೋಧಿ ಹಾಲು ಬಿಡಿಸೋ ಡಯಟ್. (ಗೋಧಿ ಬಿಡಬಹುದು. ಮೊಸರನ್ನ ಬಿಟ್ಟರೆ ಪುಟ್ಟ ತಿನ್ನೋದು ಇನ್ನೇನಿದೆ?) ಕೊನೆಗೆ ವಿಜಯನಗರದ ಪರಿಚಯದವರೊಬ್ಬರು ಒಂದು ಪಾಂಪ್ಲೆಟ್ ತಂದುಕೊಟ್ಟರು. ಕಿವಿಗೆ ತರಬೇತಿ ಕೊಡೋ ಚಿಕಿತ್ಸೆ. ಹತ್ತು ದಿನ, ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಹೆಡ್‌ಫೋನ್‌ನಲ್ಲಿ ವಿಶೇಷ ಸಂಗೀತ. ಪ್ಯಾಕೇಜ್ 30,000 ರೂಪಾಯಿ. ಚಿಕ್ಕಮ್ಮ ಚೀಟಿ ಎತ್ತಿ ದುಡ್ಡು ಬೀರುವಿನಲ್ಲಿ ಇಟ್ಟುಬಿಟ್ಟಿದ್ದರು.

ನಾವು ಹುಡುಕಿದೆವು. ಇದು ಹೊಸದೇನಲ್ಲ, ಫ್ರಾನ್ಸಿನ ಕಿವಿ ಡಾಕ್ಟರ್ ಗೀ ಬೆರಾರ್ ಶುರು ಮಾಡಿದ ಪದ್ಧತಿ. ಕೆಲವು ಫ್ರೀಕ್ವೆನ್ಸಿಗಳನ್ನು ಫಿಲ್ಟರ್ ಮಾಡಿದ ಸಂಗೀತ ಕೇಳಿಸಿದರೆ ಕಿವಿ ಸೂಕ್ಷ್ಮ ಕಡಿಮೆಯಾಗುತ್ತೆ ಅನ್ನೋದು ವಾದ. ಸಿಗ್ನಲ್ಸ್ ಓದುವ ನಮಗೆ ಕೇಳೋಕೆ ಚೆಂದವಾಗೇ ಇದೆ. ಆದರೆ ಇಂಥ ಧ್ವನಿ ಚಿಕಿತ್ಸೆಗಳನ್ನು ಆಟಿಸಂ ಇರುವವರ ಮೇಲೆ ಮಾಡಿದ ಏಳು ಅಧ್ಯಯನಗಳನ್ನು, ಒಟ್ಟು 182 ಮಂದಿಯ ಫಲಿತಾಂಶಗಳನ್ನು, 2011ರಲ್ಲಿ ಕಾಕ್ರೇನ್ ಸಂಸ್ಥೆಯವರು ಒಟ್ಟಿಗೆ ಇಟ್ಟು ನೋಡಿದರು. ಉಪಯೋಗವಿದೆ ಅನ್ನೋಕೆ ಆಧಾರ ಸಿಗಲಿಲ್ಲ.

ಲ್ಯಾಪ್‌ಟಾಪ್ ಹಿಡಿದುಕೊಂಡು ಮೇಲಿನ ಮನೆಗೆ ಓಡಿ, "ಚಿಕ್ಕಮ್ಮ, ಇದು ಬೋಗಸ್" ಅಂದೆವು. ಅವರು ಚಪಾತಿ ಲಟ್ಟಿಸೋದನ್ನ ನಿಲ್ಲಿಸದೇ ಹೇಳಿದ್ದು ಇಷ್ಟು: "ನಿಮ್ಮ ದೊಡ್ಡ ಆಸ್ಪತ್ರೇಲಿ ಬೆಳಿಗ್ಗೆಯಿಂದ ಕಾದು ಎಷ್ಟು ಹೊತ್ತು ಮಾತಾಡಿಸಿದ್ರು? ಹತ್ತು ನಿಮಿಷ. ಅದೂ ನಿಮ್ಮ ಚಿಕ್ಕಪ್ಪನ ಹತ್ರ, ಇಂಗ್ಲಿಷಲ್ಲಿ. ಇವರು ಒಂದು ಗಂಟೆ ಕೂರಿಸ್ಕೊಂಡು ನನ್ನ ಕೇಳಿದ್ರು. ರಾತ್ರಿ ನಿದ್ದೆ ಮಾಡ್ತಾನಾ, ನೀವು ನಿದ್ದೆ ಮಾಡ್ತೀರಾ ಅಂತ."

ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಕಾಲೇಜಿನಲ್ಲಿ ನಾವೆಲ್ಲ ಜನ ಮೂಢನಂಬಿಕೆ ಬಿಡಲ್ಲ, ಸೈನ್ಸ್ ಓದಿಲ್ಲ ಅಂತ ಸುಲಭವಾಗಿ ಹೇಳಿಬಿಡ್ತೀವಿ. ಚಿಕ್ಕಮ್ಮ ಮಾಗಡಿಯಲ್ಲಿ ಕನ್ನಡ ಮೀಡಿಯಂನಲ್ಲಿ ಪಿಯುಸಿ ಸೈನ್ಸ್ ಓದಿದವರು. ಪಾಂಪ್ಲೆಟ್ ಅಚ್ಚಕನ್ನಡದಲ್ಲಿತ್ತು, ದೊಡ್ಡ ಅಕ್ಷರ, ಒಂದೂ ಕಾಗುಣಿತ ತಪ್ಪಿಲ್ಲ. ಥೆರಪಿ ಸೆಂಟರಿನವರು ಮನೇಲಿ ಮಾಡಿಸಿ ಅಂತ ವಾಟ್ಸ್ಯಾಪ್‌ನಲ್ಲಿ ಕಳಿಸಿದ ಪಿಡಿಎಫ್‌ನಲ್ಲಿ ವೆಸ್ಟಿಬುಲರ್ ಇನ್‌ಪುಟ್, ಪ್ರೊಪ್ರಿಯೋಸೆಪ್ಟಿವ್ ಇನ್‌ಪುಟ್ ಅಂತಿತ್ತು. ಉಯ್ಯಾಲೆ ಆಡಿಸಿ, ಭಾರದ ಬ್ಯಾಗ್ ಹೊರಿಸಿ, ಗೋಡೆ ತಳ್ಳಿಸಿ ಅನ್ನೋದಷ್ಟೇ ಅದರ ಅರ್ಥ. ಮೂರು ತಿಂಗಳು ಅದನ್ನ ಯಾರೂ ಮಾಡಿಸಿರಲಿಲ್ಲ, ಯಾಕಂದರೆ ಯಾರಿಗೂ ಅರ್ಥ ಆಗಿರಲಿಲ್ಲ. ಇದರಲ್ಲಿ ಚಿಕ್ಕಮ್ಮನ ತಪ್ಪೇನು?

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಮ್ಮ ಕಡೆ ಇರೋದೆಲ್ಲಾ ಗಟ್ಟಿ ಸೈನ್ಸ್ ಅಂತ ಹೊರಟಿದ್ದ ನಮಗೆ ಪೆಟ್ಟು ಬಿತ್ತು. ಉಯ್ಯಾಲೆ, ಬ್ರಶ್, ಭಾರದ ಹೊದಿಕೆ ಎಲ್ಲಾ ಬಂದಿದ್ದು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ ಅವರ ಸಿದ್ಧಾಂತದಿಂದ. ಅವರ ಪುಸ್ತಕ ಬಂದದ್ದು 1972ರಲ್ಲಿ. 2012ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ, ಈ ತೊಂದರೆಯನ್ನು ಪ್ರತ್ಯೇಕ ಕಾಯಿಲೆ ಅಂತ ಹೆಸರಿಸೋದು ಸಾಮಾನ್ಯವಾಗಿ ಬೇಡ, ಥೆರಪಿ ಮಾಡಿಸಬಹುದು, ಆದರೆ ಸಂಶೋಧನೆ ಕಡಿಮೆ ಇದೆ ಅಂತ ತಂದೆತಾಯಿಗೆ ಹೇಳಿ ಅಂದಿತು. ಬ್ರಿಟನ್ನಿನಲ್ಲಿ ಆಟಿಸಂ ಇರುವ 138 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಮಾಮೂಲಿ ಆರೈಕೆಗಿಂತ ಈ ಥೆರಪಿಯಿಂದ ಹೆಚ್ಚು ಲಾಭ ಕಾಣಲಿಲ್ಲ. ಇದನ್ನ ಚಿಕ್ಕಮ್ಮನಿಗೆ ಹೇಳೋದೋ ಬೇಡವೋ ಅಂತ ಎರಡು ದಿನ ಯೋಚಿಸಿ, ಹೇಳಿದೆವು. ಅವರದ್ದು ಮಾತ್ರ ಅಧ್ಯಯನದಲ್ಲಿ ಫೇಲ್, ನಮ್ಮದು ಮುಚ್ಚಿಡೋದು ಅಂದರೆ ಅದು ಮೋಸ ಅಲ್ವಾ.

ಹಾಗಾದರೆ ಎರಡೂ ಒಂದೇನಾ? ಅಲ್ಲ ಅಂತ ನಮ್ಮ ಅಭಿಪ್ರಾಯ. ಎರಡೂ ಕಡೆ ಒಂದೇ ಪ್ರಶ್ನೆ ಕೇಳಿದೆವು: ಇದು ಕೆಲಸ ಮಾಡ್ತಿಲ್ಲ ಅಂತ ನಮಗೆ ಹೇಗೆ ಗೊತ್ತಾಗುತ್ತೆ? ಥೆರಪಿಸ್ಟ್ ಮೇಡಂ ಪುಸ್ತಕ ತೆಗೆದು ಮೂರು ಗುರಿ ಬರೆದರು. ಹಲ್ಲುಜ್ಜಿಸಿಕೊಳ್ಳೋದು, ಕಟಿಂಗ್, ಕ್ಲಾಸಿನಲ್ಲಿ ಇಪ್ಪತ್ತು ನಿಮಿಷ ಕೂರೋದು. ಮೂರು ತಿಂಗಳಲ್ಲಿ ಒಂದೂ ಬದಲಾಗದಿದ್ದರೆ ನಿಲ್ಲಿಸೋಣ ಅಂದರು. ಹೆಡ್‌ಫೋನ್‌ನವರು, "ಕೆಲವು ಮಕ್ಕಳಿಗೆ ಆರು ತಿಂಗಳಾದ ಮೇಲೆ ಗೊತ್ತಾಗುತ್ತೆ, ನಂಬಿಕೆ ಇರ್ಲಿ" ಅಂದರು. ಆರು ತಿಂಗಳಲ್ಲಿ ಆರು ವರ್ಷದ ಮಗು ಹೇಗೂ ಏನಾದರೂ ಕಲಿತೇ ಕಲಿಯುತ್ತೆ. ಅದರ ಕ್ರೆಡಿಟ್ ಯಾರಿಗೆ ಹೋಗುತ್ತೆ ಅನ್ನೋದೇ ಪ್ಯಾಕೇಜಿನ ಗುಟ್ಟು.

ಹಾಗಂತ ಇದು ಓದು ಇಲ್ಲದವರ ಸಮಸ್ಯೆ ಅಲ್ಲ. ಸೆಕ್ರೆಟಿನ್ ಅನ್ನೋ ಹಾರ್ಮೋನಿನ ಇಂಜೆಕ್ಷನ್ ಕೊಟ್ಟರೆ ಆಟಿಸಂ ಕಡಿಮೆಯಾಗುತ್ತೆ ಅಂತ 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದೊಡ್ಡ ಗಲಾಟೆ ಆಗಿತ್ತು. 1999ರಲ್ಲಿ ಪ್ರಯೋಗ ಮಾಡಿ ನೋಡಿದರೆ, ಬರೀ ಉಪ್ಪುನೀರು ಚುಚ್ಚಿಸಿಕೊಂಡ ಮಕ್ಕಳೂ ಅಷ್ಟೇ ಸುಧಾರಿಸಿದ್ದರು. ಫಲಿತಾಂಶ ತಿಳಿಸಿದ ಮೇಲೂ ನೂರಕ್ಕೆ 69ರಷ್ಟು ತಂದೆತಾಯಿಗಳು ಆ ಔಷಧಿ ಬೇಕು ಅಂತಲೇ ಇದ್ದರು. ಅವರೆಲ್ಲಾ ಇಂಗ್ಲಿಷ್ ಓದೋರೇ.

ಈಗ ಮನೇಲಿ ಒಂದು ನೋಟ್‌ಬುಕ್ ಇದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಲ್ಯಾಬ್‌ನಲ್ಲಿ ಎರಡು ವೇರಿಯಬಲ್ ಒಟ್ಟಿಗೆ ಬದಲಾಯಿಸಿ ಬೈಸಿಕೊಂಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಕೆಂಗೇರಿಯಲ್ಲಿ ಟ್ರೇನ್ ಹತ್ತಿ ಮೈಸೂರಿಗೆ ಹೋಗಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದ್ದಾಯಿತು. ಕಿವಿ ಸರಿಯಿದೆ. ಎಸ್.ಪಿ. ರೋಡ್ ಹತ್ತಿರ 450 ರೂಪಾಯಿಗೆ ಫ್ಯಾಕ್ಟರಿಯವರು ಹಾಕೋ ಇಯರ್‌ಮಫ್ ತಂದೆವು. ಮೆಟ್ರೋಗೆ, ಮದುವೆ ಮನೆಗೆ ಮಾತ್ರ. ಸದಾ ಹಾಕಿದರೆ ಸಣ್ಣ ಸದ್ದೂ ಜಾಸ್ತಿ ಅನ್ನಿಸುತ್ತೆ ಅಂತ ಮೇಡಂ ಹೇಳಿದ್ದಾರೆ. ಬಜೆ ನಿಲ್ಲಿಸಿದೆವು, ಅದನ್ನ ಆಹಾರದಲ್ಲಿ ಬಳಸೋದನ್ನ ಅಮೆರಿಕದವರು 1968ರಲ್ಲೇ ನಿಷೇಧಿಸಿದ್ದಾರೆ ಅಂದಾಗ ಅಜ್ಜಿಗೆ ಸಿಟ್ಟು ಬಂತು. ಭಾನುವಾರದ ಎಣ್ಣೆನೀರು ಮಾತ್ರ ಮುಂದುವರಿದಿದೆ. ಅಜ್ಜಿ ಗಟ್ಟಿಯಾಗಿ ಒತ್ತಿ ತಿಕ್ಕಿದರೆ ಪುಟ್ಟ ಸುಮ್ಮನೆ ಕೂರ್ತಾನೆ, ಖರ್ಚೂ ಇಲ್ಲ.

ಆ ಪಿಡಿಎಫ್ ಅನ್ನು ನಾವಿಬ್ಬರೂ ಕೂತು ಕನ್ನಡಕ್ಕೆ ಮಾಡಿದೆವು. ಪ್ರೊಪ್ರಿಯೋಸೆಪ್ಷನ್‌ಗೆ ಪದ ಸಿಗದೆ "ಕೈಕಾಲು ಎಲ್ಲಿದೆ ಅಂತ ಮೈಗೇ ಗೊತ್ತಾಗೋದು" ಅಂತ ಬರೆದೆವು. ಸೆಂಟರಿನ ಬೆಂಚ್ ಮೇಲೆ ಕಾಯೋ ಅಮ್ಮಂದಿರು ಚಿಕ್ಕಮ್ಮನ ಕೈಯಿಂದ ಅದನ್ನ ಇಸ್ಕೊಂಡು ಹನ್ನೊಂದು ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ. ಕನ್ನಡ ಸಂಘ ಈ ನವೆಂಬರ್‌ನಲ್ಲೂ ಆರ್ಕೆಸ್ಟ್ರಾ ಮಾಡಲಿ, ಬೇಡ ಅನ್ನಲ್ಲ. ಜೊತೆಗೆ ಹತ್ತು ಜನ ಸೇರಿ ಇಂಥ ರಿಪೋರ್ಟು, ಹೋಮ್ ಪ್ರೋಗ್ರಾಂಗಳನ್ನು ಕನ್ನಡಕ್ಕೆ ಮಾಡಿ, ಥೆರಪಿಸ್ಟ್‌ಗಳಿಂದ ತಿದ್ದಿಸಿ ಕೊಡೋಕಾಗಲ್ವಾ? ಬರೋರು ನಮಗೆ ಹೇಳಿ.

ಪಾಂಪ್ಲೆಟ್ ಇನ್ನೂ ಟಿವಿ ಕೆಳಗೇ ಇದೆ. ಚಿಕ್ಕಮ್ಮ ಅದನ್ನ ಬಿಸಾಕಿಲ್ಲ, ನಾವೂ ಕೇಳಿಲ್ಲ. ಚೀಟಿ ದುಡ್ಡು ಬೀರುವಿನಲ್ಲೇ ಇದೆ. ಥೆರಪಿ ಶುರುವಾಗಿ ಮೂರು ತಿಂಗಳು ಮುಗಿಯೋಕೆ ಇನ್ನು ಹತ್ತೊಂಬತ್ತು ದಿನ.